ನಿಮಗಿದು ಗೊತ್ತೇ? ಹೊಗೆ ಬಿಡದ ಕಾರೂ ಟೈರ್ ಸವೆಸುತ್ತದೆ

ವಿದ್ಯುತ್ ವಾಹನಗಳ ಮಾತೆಲ್ಲ ಬ್ಯಾಟರಿ, ಚಾರ್ಜಿಂಗ್, ಮೈಲೇಜುಗಳ ಸುತ್ತಲೇ ನಡೆಯುತ್ತದೆ. ಹೊಗೆ ಕೊಳವೆ ಹೋಯಿತು, ಎಂಜಿನ್ ಹೋಯಿತು, ಗೇರೂ ಹೋಗುತ್ತಿದೆ. ಹೋಗದೆ ಉಳಿದದ್ದು ಕಪ್ಪು ರಬ್ಬರಿನ ಚಕ್ರ. ನಾಳೆಯ ವಾಹನ ಎಷ್ಟು ಸ್ವಚ್ಛ ಎಂಬುದನ್ನು ಬ್ಯಾಟರಿಯಷ್ಟೇ ಟೈರೂ ತೀರ್ಮಾನಿಸಲಿದೆ. ಅದು ಯಾವುದರಿಂದ ಆಗಿದೆ, ಓಡುತ್ತ ಏನನ್ನು ಉದುರಿಸುತ್ತದೆ, ಸವೆದ ಮೇಲೆ ಎಲ್ಲಿ ಹೋಗುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಹಿಡಿದು ಹೊರಟರೆ ಸಿಗುವ ಸಂಗತಿಗಳು ಇಲ್ಲಿವೆ.

◆ ಕಾರು ರಸ್ತೆಯನ್ನು ಮುಟ್ಟುವುದು ನಾಲ್ಕೇ ಕಡೆ. ಒಂದೊಂದು ಕಡೆಯೂ ಹೆಚ್ಚುಕಡಿಮೆ ನಿಮ್ಮ ಅಂಗೈ ಅಗಲದ ಜಾಗ. ಬ್ರೇಕ್ ಹಿಡಿಯುವುದು, ತಿರುವು ತೆಗೆದುಕೊಳ್ಳುವುದು, ಮಳೆಯಲ್ಲಿ ಜಾರದೆ ನಿಲ್ಲುವುದು ಎಲ್ಲವೂ ಅಷ್ಟೇ ಜಾಗದಲ್ಲಿ ಆಗಬೇಕು.

◆ ಗಾಳಿ ತುಂಬಿದ ಟೈರ್ ಎಂದೊಡನೆ ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಹೆಸರು ಬರುತ್ತದೆ. ಮಗನ ಮೂರು ಚಕ್ರದ ಸೈಕಲ್ಲಿಗೆ ಆತ ಅದನ್ನು ಮಾಡಿಕೊಟ್ಟದ್ದು 1887ರಲ್ಲಿ, ಪೇಟೆಂಟ್ ಪಡೆದದ್ದು 1888ರಲ್ಲಿ. ಆದರೆ ಅದಕ್ಕೂ ನಾಲ್ಕು ದಶಕ ಮೊದಲು, 1845ರಲ್ಲೇ, ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ ಇದೇ ಉಪಾಯಕ್ಕೆ ಪೇಟೆಂಟ್ ಮಾಡಿಸಿಕೊಂಡಿದ್ದ. ರಬ್ಬರ್ ಲೇಪಿಸಿದ ಬಟ್ಟೆಯ ಕೊಳವೆಗೆ ಗಾಳಿ ತುಂಬಿ, ಮೇಲೆ ಚರ್ಮ ಹೊದಿಸಿ, ಕುದುರೆ ಗಾಡಿಗೆ ಕಟ್ಟಿ ಓಡಿಸಿಯೂ ತೋರಿಸಿದ್ದ. ಆಗ ಕಾರಿರಲಿಲ್ಲ, ಇಂದಿನಂಥ ಸೈಕಲ್ಲೂ ಇರಲಿಲ್ಲ. ಹೀಗಾಗಿ ಕೊಳ್ಳುವವರೇ ಇಲ್ಲದೆ ಅದು ಮರೆತುಹೋಯಿತು. ಥಾಮ್ಸನ್ನನ ಪೇಟೆಂಟ್ ಬೆಳಕಿಗೆ ಬಂದ ಮೇಲೆ ಡನ್‌ಲಪ್‌ನ ಪೇಟೆಂಟ್ ಊರ್ಜಿತವಾಗಲಿಲ್ಲ.

◆ ಗುಡ್‌ಇಯರ್ ಕಂಪನಿಗೂ ಚಾರ್ಲ್ಸ್ ಗುಡ್‌ಇಯರ್‌ಗೂ ವ್ಯವಹಾರದ ಸಂಬಂಧ ಏನೂ ಇಲ್ಲ. ಗಂಧಕ ಬೆರೆಸಿ ಬಿಸಿ ಮಾಡಿದರೆ ರಬ್ಬರ್ ಗಟ್ಟಿಯಾಗಿಯೂ ಹಿಗ್ಗುವಂತೆಯೂ ಉಳಿಯುತ್ತದೆ ಎಂದು 1839ರಲ್ಲಿ ಕಂಡುಕೊಂಡ ಚಾರ್ಲ್ಸ್, 1860ರಲ್ಲಿ ಸಾಲ ಹೊತ್ತೇ ತೀರಿಕೊಂಡ. ಆತನ ಗೌರವಾರ್ಥ ಹೆಸರಿಟ್ಟುಕೊಂಡ ಕಂಪನಿ ಅಮೆರಿಕದ ಅಕ್ರನ್‌ನಲ್ಲಿ ಹುಟ್ಟಿದ್ದು 1898ರಲ್ಲಿ.

◆ ಮೊದಮೊದಲ ಟೈರುಗಳು ಬೆಳ್ಳಗಿದ್ದವು. ಕಪ್ಪು ಬಣ್ಣ ಬಂದದ್ದು ಅಂದಕ್ಕಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರಬ್ಬರಿಗೆ ಕಾರ್ಬನ್ ಬ್ಲ್ಯಾಕ್ ಎಂಬ ನುಣುಪಾದ ಮಸಿ ಬೆರೆಸತೊಡಗಿದ ಮೇಲೆ ಟೈರಿನ ಬಾಳಿಕೆ ಹಲವು ಪಟ್ಟು ಹೆಚ್ಚಿತು, ಬಿಸಿಲಿಗೆ ಬಿರುಕು ಬಿಡುವುದು ಕಡಿಮೆಯಾಯಿತು. ಈ ಮಸಿ ಸಿಗುವುದು ಪೆಟ್ರೋಲಿಯಂನ ಗಟ್ಟಿ ಎಣ್ಣೆಯನ್ನು ಅರೆಬರೆ ಸುಟ್ಟಾಗ. ಪೆಟ್ರೋಲ್ ಕುಡಿಯದ ಕಾರಿನ ಟೈರಿನಲ್ಲೂ ಪೆಟ್ರೋಲಿಯಂ ಇದೆ ಎಂದಾಯಿತು.

◆ ಜಗತ್ತಿನಲ್ಲಿ ಬೆಳೆಯುವ ನೈಸರ್ಗಿಕ ರಬ್ಬರಿನಲ್ಲಿ ಸುಮಾರು ಶೇ 70ರಷ್ಟು ಸೇರುವುದು ಟೈರಿಗೆ. ಕೃತಕ ರಬ್ಬರ್ ಬಂದು ಎಷ್ಟೋ ದಶಕಗಳಾದರೂ ಮರದ ಹಾಲನ್ನು ಸೋಲಿಸಲು ಅದಕ್ಕೆ ಪೂರ್ತಿಯಾಗಿ ಆಗಿಲ್ಲ. ಎಳೆದಾಗ ನೈಸರ್ಗಿಕ ರಬ್ಬರಿನ ಅಣುಸರಪಳಿಗಳು ಒಂದೇ ಸಾಲಿಗೆ ಬಂದು ಹರಳಿನಂತೆ ಬಿಗಿದುಕೊಳ್ಳುತ್ತವೆ. ಬಿರುಕು ಮುಂದೆ ಹರಿಯದಂತೆ ಅದೇ ತಡೆ. ಭಾರ ಹೊತ್ತು ಬಿಸಿಯಾಗುವ ಲಾರಿ, ವಿಮಾನಗಳ ಟೈರಿನಲ್ಲಿ ಇದರ ಪಾಲು ಹೆಚ್ಚಿರುವುದು ಇದಕ್ಕಾಗಿ.

◆ ಆ ಹಾಲು ನಮ್ಮ ಸುಳ್ಯ, ಪುತ್ತೂರು, ಬೆಳ್ತಂಗಡಿಯ ಗುಡ್ಡಗಳಲ್ಲೂ ಸುರಿಯುತ್ತದೆ. ಟ್ಯಾಪಿಂಗ್ ಮಾಡುವವರು ಬೆಳಕು ಹರಿಯುವ ಮೊದಲೇ ತಲೆಗೆ ಟಾರ್ಚ್ ಕಟ್ಟಿಕೊಂಡು ತೋಟಕ್ಕಿಳಿಯುತ್ತಾರೆ. ಬಿಸಿಲೇರುವ ಮೊದಲು ಮರದೊಳಗಿನ ಒತ್ತಡ ಹೆಚ್ಚಿರುವುದರಿಂದ ಹಾಲು ಚೆನ್ನಾಗಿ ಇಳಿಯುತ್ತದೆ. ತೊಗಟೆಯನ್ನು ಓರೆಯಾಗಿ, ಒಂದು ಮಿಲಿಮೀಟರ್ ಆಸುಪಾಸು ಮಾತ್ರ ಕೆತ್ತಬೇಕು; ಕತ್ತಿ ಒಳಗಿನ ಪದರಕ್ಕೆ ತಾಗಿದರೆ ಗಂಟು ಕಟ್ಟಿ ಮರ ಹಾಳು. ಗೆರಟೆಯಲ್ಲೋ ಪ್ಲಾಸ್ಟಿಕ್ ಬಟ್ಟಲಲ್ಲೋ ತುಂಬಿದ ಹಾಲಿಗೆ ಫಾರ್ಮಿಕ್ ಆಸಿಡ್ ಬೆರೆಸಿ ಹೆಪ್ಪುಗಟ್ಟಿಸಿ, ಮೆಷಿನ್‌ನಲ್ಲಿ ಒತ್ತಿ, ಗೆರೆ ಮೂಡಿದ ಶೀಟ್ ಮಾಡಿ ಹೊಗೆಗೂಡಿನಲ್ಲಿ ಒಣಗಿಸುತ್ತಾರೆ. ಕರಾವಳಿಯ ಪತ್ರಿಕೆಗಳ ಧಾರಣೆ ಪಟ್ಟಿಯಲ್ಲಿ ಅಡಿಕೆ, ಕಾಳುಮೆಣಸಿನ ಜೊತೆ ಬರುವ ‘ಆರ್‌ಎಸ್‌ಎಸ್ 4’, ‘ಲಾಟ್’, ‘ಸ್ಕ್ರಾಪ್’ ಇದೇ ರಬ್ಬರಿನ ದರ್ಜೆಗಳು.

◆ ಸುಳ್ಯ–ಪುತ್ತೂರು ಸೀಮೆಯ ಸರ್ಕಾರಿ ರಬ್ಬರ್ ತೋಟಗಳ ಹಿಂದೆ ಒಂದು ಒಪ್ಪಂದವಿದೆ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆ ಮಾಡಿಕೊಂಡ ಒಪ್ಪಂದದಂತೆ ಸಿಲೋನಿನಿಂದ ಮರಳಿದ ತಮಿಳು ಕುಟುಂಬಗಳಿಗೆ ಇಲ್ಲಿ ನೆಲೆ, ಕೆಲಸ ಕೊಡಲಾಯಿತು. ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ಆ ತೋಟಗಳಲ್ಲಿ ಅವರ ಮಕ್ಕಳು, ಮೊಮ್ಮಕ್ಕಳು ಇಂದಿಗೂ ದುಡಿಯುತ್ತಿದ್ದಾರೆ. ಟೈರಿನ ಬಗ್ಗೆ ಬರೆಯುವಾಗ ಕಂಪನಿಗಳ ಹೆಸರಿನ ಜೊತೆ ಇವರ ಹೆಸರೂ ಬರಬೇಕು.

◆ ಏಷ್ಯಾದ ರಬ್ಬರ್ ತೋಟಗಳ ಬಹುಪಾಲು ಮರಗಳ ಮೂಲ ಒಂದೇ ಬಾರಿ ಬಂದ ಬೀಜಗಳಲ್ಲಿದೆ. 1876ರಲ್ಲಿ ಹೆನ್ರಿ ವಿಕಮ್ ಅಮೆಜಾನ್ ಕಾಡಿನಿಂದ ಸುಮಾರು 70,000 ಬೀಜಗಳನ್ನು ಲಂಡನ್ನಿನ ಕ್ಯೂ ಉದ್ಯಾನಕ್ಕೆ ಸಾಗಿಸಿದ. ಮೊಳೆತದ್ದು ನೂರಕ್ಕೆ ನಾಲ್ಕರಷ್ಟು. ಆ ಸಸಿಗಳು ಸಿಲೋನ್, ಸಿಂಗಪುರ, ಮಲಯಗಳಿಗೆ ಹೋದವು. ಇಷ್ಟು ಚಿಕ್ಕ ಬುಡದಿಂದ ಬೆಳೆದದ್ದೇ ಇಂದಿನ ಆತಂಕಕ್ಕೂ ಕಾರಣ. ದಕ್ಷಿಣ ಅಮೆರಿಕದಲ್ಲಿ ಎಲೆ ಅಂಗಮಾರಿ ರೋಗವೊಂದಿದೆ. ಹೆನ್ರಿ ಫೋರ್ಡ್ 1928ರಲ್ಲಿ ಬ್ರೆಜಿಲ್ ಕಾಡಿನ ನಡುವೆ ‘ಫೋರ್ಡ್‌ಲಾಂಡಿಯ’ ಎಂಬ ಊರನ್ನೇ ಕಟ್ಟಿ ರಬ್ಬರ್ ನೆಡಿಸಿದಾಗ ಆ ರೋಗ ತೋಟವನ್ನು ನುಂಗಿತು. 1945ರಲ್ಲಿ ಫೋರ್ಡ್ ಕಂಪನಿ ಎಲ್ಲವನ್ನೂ ಬ್ರೆಜಿಲ್ ಸರ್ಕಾರಕ್ಕೆ ಒಪ್ಪಿಸಿ ಹೊರಬಂತು. ಆ ಶಿಲೀಂಧ್ರ ಏಷ್ಯಾಕ್ಕೆ ಕಾಲಿಟ್ಟರೆ ಜಗತ್ತಿನ ಚಕ್ರಗಳೇ ನಿಲ್ಲುವ ಸ್ಥಿತಿ ಬರಬಹುದು. ಬೇರೆ ಗಿಡಗಳಲ್ಲಿ ರಬ್ಬರ್ ಹುಡುಕುತ್ತಿರುವುದಕ್ಕೆ ಪರಿಸರದಷ್ಟೇ ಈ ಭಯವೂ ಕಾರಣ.

◆ ನಮ್ಮ ಹೊಲದ ಬದುಗಳನ್ನು ಮುತ್ತಿರುವ ಕಾಂಗ್ರೆಸ್ ಗಿಡಕ್ಕೆ ಟೈರ್ ಕೊಡುವ ದಾಯಾದಿಯೊಬ್ಬಳಿದ್ದಾಳೆ! ಹೆಸರು ಗ್ವಾಯುಲೆ. ಅದೇ ಪಾರ್ಥೇನಿಯಂ ಕುಲದ, ಬೂದಿ ಬಣ್ಣದ ಎಲೆಗಳ ಪೊದೆ. ತವರು ಮೆಕ್ಸಿಕೊದ ಉತ್ತರ ಭಾಗ ಮತ್ತು ಟೆಕ್ಸಾಸ್‌ನ ಮರುಭೂಮಿ. ನೀರು ಕಡಿಮೆ ಸಾಕು. ಇದರಲ್ಲಿ ಹಾಲು ಸುರಿಸುವ ನಾಳಗಳಿಲ್ಲ. ರಬ್ಬರ್ ತೊಗಟೆಯ ಕೋಶಗಳ ಒಳಗೇ ಇರುತ್ತದೆ. ಹಾಗಾಗಿ ಟ್ಯಾಪಿಂಗ್ ಆಗದು, ಇಡೀ ಗಿಡವನ್ನು ಕೊಯ್ದು ಅರೆಯಬೇಕು. ಎರಡನೇ ಮಹಾಯುದ್ಧದಲ್ಲಿ ಜಪಾನ್ ಏಷ್ಯಾದ ತೋಟಗಳನ್ನು ಹಿಡಿದಾಗ ಅಮೆರಿಕ ಇದನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಯಹೊರಟಿತು. ವಿಚಿತ್ರವೆಂದರೆ, ಇದರ ಮೇಲೆ ಒಳ್ಳೆಯ ಸಂಶೋಧನೆ ಮಾಡಿದವರಲ್ಲಿ ಕೆಲವರು ಅದೇ ಅಮೆರಿಕ ಮಂಜನಾರ್ ಶಿಬಿರದಲ್ಲಿ ಕೂಡಿಹಾಕಿದ್ದ ಜಪಾನಿ ಮೂಲದ ವಿಜ್ಞಾನಿಗಳು. ಯುದ್ಧ ಮುಗಿದೊಡನೆ ಬೆಳೆಯನ್ನು ಸುಟ್ಟು ಹಾಕಿದರು. ಈಗ ಬ್ರಿಜ್‌ಸ್ಟೋನ್ ಕಂಪನಿ ಅರಿಜೋನಾದಲ್ಲಿ ಮತ್ತೆ ಬೆಳೆಸುತ್ತಿದೆ. 2022ರಲ್ಲಿ ನ್ಯಾಶ್‌ವಿಲ್‌ನ ಇಂಡಿಕಾರ್ ರೇಸಿನಲ್ಲಿ ಗ್ವಾಯುಲೆ ರಬ್ಬರ್ ಸೇರಿಸಿದ ಟೈರುಗಳು ಓಡಿದವು.

◆ ಇನ್ನೊಂದು ಗಿಡ ಇನ್ನೂ ಚಿಕ್ಕದು: ಹಳದಿ ಹೂವಿನ ರಷ್ಯನ್ ಡ್ಯಾಂಡೆಲಿಯನ್. 1930ರ ದಶಕದ ಆರಂಭದಲ್ಲಿ ಸೋವಿಯತ್ ವಿಜ್ಞಾನಿಗಳು ಕಜಾಕಿಸ್ತಾನದ ಬೆಟ್ಟಗಳಲ್ಲಿ ಇದನ್ನು ಗುರುತಿಸಿದರು. ರಬ್ಬರ್ ಇರುವುದು ಬೇರಿನಲ್ಲಿ. ರಬ್ಬರ್ ಮರ ನೆಟ್ಟರೆ ಹಾಲಿಗೆ ಆರೇಳು ವರ್ಷ ಕಾಯಬೇಕು, ಇದನ್ನು ವರ್ಷದೊಳಗೇ ಕಿತ್ತು ತೆಗೆಯಬಹುದು, ಚಳಿದೇಶದಲ್ಲೂ ಬೆಳೆಯುತ್ತದೆ. ಜರ್ಮನಿಯ ಕಾಂಟಿನೆಂಟಲ್ ಕಂಪನಿ 2019ರಲ್ಲಿ ಇದರ ರಬ್ಬರಿನ ಸೈಕಲ್ ಟೈರನ್ನು ಮಾರುಕಟ್ಟೆಗೂ ತಂದಿತು. ಕಾರಿನ ಟೈರಿಗೆ ಸಾಲುವಷ್ಟು ಬೆಳೆ ಇನ್ನೂ ಕೈಗೆ ಬಂದಿಲ್ಲ.

◆ ಐರೋಪ್ಯ ಒಕ್ಕೂಟದ ಅರಣ್ಯನಾಶ ತಡೆ ಕಾನೂನಿನ ಏಳು ಸರಕುಗಳ ಪಟ್ಟಿಯಲ್ಲಿ ಕಾಫಿಯ ಜೊತೆ ರಬ್ಬರೂ ಇದೆ. ಕಾಡು ಕಡಿದು ಬೆಳೆದ ರಬ್ಬರಿನ ಟೈರನ್ನು ಅಲ್ಲಿ ಮಾರುವಂತಿಲ್ಲ. ಜಾರಿಯ ದಿನಾಂಕ ಮುಂದೆ ಹೋಗಿದೆಯೇ ಹೊರತು ಕಾನೂನು ಹೋಗಿಲ್ಲ. ಚಿಕ್ಕಮಗಳೂರಿನ ಕಾಫಿ ಬೆಳೆಗಾರರಿಗೆ ಇದು ಆಗಲೇ ಗೊತ್ತು, ರಬ್ಬರ್ ಬೆಳೆಗಾರರೂ ಗಮನಿಸಬೇಕು.

◆ ಟೈರ್ ಉರುಳುವಾಗ ನೆಲ ತಾಗುವ ಭಾಗ ಚಪ್ಪಟೆಯಾಗಿ ಮತ್ತೆ ದುಂಡಗಾಗುತ್ತದೆ. ಪ್ರತಿ ಸುತ್ತಿನಲ್ಲೂ ಒಂದಿಷ್ಟು ಶಕ್ತಿ ಬಿಸಿಯಾಗಿ ಕಳೆದುಹೋಗುತ್ತದೆ. ಕಾರಿಗೆ ಹಾಕಿದ ಇಂಧನದ ಐದನೇ ಒಂದು ಭಾಗದಷ್ಟು ಖರ್ಚಾಗುವುದು ಈ ಉರುಳು ತಡೆಗೆ. ಹಾಗಾದರೆ ತಡೆ ಕಡಿಮೆ ಮಾಡಿದರಾಯಿತಲ್ಲ? ಅಲ್ಲೇ ತೊಡಕು. ಉರುಳು ತಡೆ ಇಳಿಸಿದರೆ ಒದ್ದೆ ರಸ್ತೆಯಲ್ಲಿ ಹಿಡಿತ ಸಡಿಲ, ಹಿಡಿತ ಹೆಚ್ಚಿಸಿದರೆ ಬೇಗ ಸವೆತ. ಈ ಮೂರನ್ನೂ ಒಟ್ಟಿಗೆ ಒಲಿಸಿಕೊಳ್ಳುವುದೇ ಟೈರ್ ಎಂಜಿನಿಯರುಗಳ ನಿತ್ಯದ ಹೋರಾಟ.

◆ ಆ ಹೋರಾಟದಲ್ಲಿ ದೊಡ್ಡ ಗೆಲುವು ಸಿಕ್ಕಿದ್ದು 1990ರ ದಶಕದ ಆರಂಭದಲ್ಲಿ. ಫ್ರಾನ್ಸಿನ ಮಿಶೆಲಿನ್ ಕಂಪನಿ ಕಾರ್ಬನ್ ಬ್ಲ್ಯಾಕ್‌ನ ಬಹುಭಾಗವನ್ನು ತೆಗೆದು ಸಿಲಿಕಾ ಬೆರೆಸಿತು. ಉರುಳು ತಡೆ ಇಳಿಯಿತು, ಒದ್ದೆ ರಸ್ತೆಯ ಹಿಡಿತ ಉಳಿಯಿತು. ಇಂದು ವಿದ್ಯುತ್ ಕಾರುಗಳಿಗೆಂದು ಮಾರುವ ಟೈರುಗಳ ಬೆನ್ನೆಲುಬೇ ಸಿಲಿಕಾ.

◆ ಆ ಸಿಲಿಕಾ ಭತ್ತದ ಹೊಟ್ಟಿನಲ್ಲೂ ಇದೆ. ಭತ್ತದ ಗಿಡ ನೆಲದಿಂದ ಸಿಲಿಕಾ ಹೀರಿ ಹೊಟ್ಟಿನಲ್ಲಿ ಶೇಖರಿಸುತ್ತದೆ. ನೂರು ಕಿಲೊ ಭತ್ತ ಗಿರಣಿಗೆ ಹಾಕಿದರೆ ಸುಮಾರು 20 ಕಿಲೊ ಹೊಟ್ಟು. ಅದನ್ನು ಸುಟ್ಟರೆ ಸುಮಾರು 4 ಕಿಲೊ ಬೂದಿ. ಆ ಬೂದಿಯ ಶೇ 85ಕ್ಕೂ ಹೆಚ್ಚು ಭಾಗ ಸಿಲಿಕಾ. ಮರಳಿನಿಂದ ಸಿಲಿಕಾ ತೆಗೆಯಲು ಕುಲುಮೆಯನ್ನು 1,300 ಡಿಗ್ರಿಗೂ ಮೇಲೆ ಕಾಯಿಸಬೇಕು. ಹೊಟ್ಟಿನ ಬೂದಿಯಾದರೆ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ತೀರಾ ಕಡಿಮೆ ಶಾಖಕ್ಕೇ ಕರಗುತ್ತದೆ. ಗುಡ್‌ಇಯರ್, ಪಿರೆಲ್ಲಿ ಕಂಪನಿಗಳು ಈ ಸಿಲಿಕಾವನ್ನು ಬಳಸುತ್ತಿವೆ. ಗಂಗಾವತಿ, ಸಿಂಧನೂರು ಕಡೆಯ ರೈಸ್‌ಮಿಲ್‌ಗಳಲ್ಲಿ ಹೊಟ್ಟಿಗೇನು ಬರ? ಬೂದಿಯನ್ನು ಹಳ್ಳಕ್ಕೆ ಸುರಿಯುವ ಬದಲು ಅದರಿಂದ ಸಿಲಿಕಾ ತೆಗೆಯುವ ಕಾರ್ಖಾನೆ ತುಂಗಭದ್ರಾ ದಂಡೆಯಲ್ಲೇ ಬರಬೇಕು. ಉದ್ಯಮ ಇಲಾಖೆ ಯೋಚಿಸಲೇಬೇಕಾದ ಸಂಗತಿ ಇದು.

◆ ಟೈರಿಗೆ ಸೋಯಾ ಎಣ್ಣೆಯನ್ನೂ ಹಾಕುತ್ತಾರೆ! ಚಳಿಯಲ್ಲೂ ರಬ್ಬರ್ ಮೆತ್ತಗಿರಲೆಂದು ಬೆರೆಸುವ ಪೆಟ್ರೋಲಿಯಂ ಎಣ್ಣೆಯ ಜಾಗದಲ್ಲಿ ಗುಡ್‌ಇಯರ್ 2017ರಿಂದ ಕೆಲವು ಟೈರುಗಳಿಗೆ ಸೋಯಾ ಎಣ್ಣೆ ಬಳಸುತ್ತಿದೆ.

◆ ಟೈರಿನ ಒಳಗಿನ ಪಾಲಿಯೆಸ್ಟರ್ ನೂಲನ್ನು ಕಾಂಟಿನೆಂಟಲ್ ಈಗ ಕುಡಿದು ಎಸೆದ ಪೆಟ್ ಬಾಟಲಿಗಳಿಂದಲೂ ಮಾಡುತ್ತಿದೆ. ಒಂದು ಕಾರಿನ ನಾಲ್ಕು ಟೈರಿಗೆ ಸುಮಾರು 40 ಬಾಟಲಿ ಎಂಬುದು ಅದರ ಲೆಕ್ಕ.

◆ 2023ರ ಜನವರಿಯಲ್ಲಿ ಗುಡ್‌ಇಯರ್ ಶೇ 90ರಷ್ಟು ಸುಸ್ಥಿರ ವಸ್ತುಗಳಿಂದ ಮಾಡಿದ ಮಾದರಿ ಟೈರನ್ನು ತೋರಿಸಿತು. ಅದೇ ವರ್ಷ ಜೆಕೆ ಟೈರ್ ಶೇ 80ರ ಮಾದರಿಯೊಂದಿಗೆ ಬಂತು. ಜೆಕೆ ಟೈರ್‌ನ ಸಂಶೋಧನಾ ಕೇಂದ್ರ ಇರುವುದು ನಮ್ಮ ಮೈಸೂರಿನಲ್ಲಿ. ಮೈಸೂರಿನವರು ಇಂದಿಗೂ ‘ವಿಕ್ರಾಂತ್’ ಎಂದೇ ಕರೆಯುವ ಕಾರ್ಖಾನೆಯನ್ನು ಆ ಕಂಪನಿ 1997ರಲ್ಲಿ ಕೊಂಡಿತ್ತು. 2050ರ ಹೊತ್ತಿಗೆ ಟೈರನ್ನು ನೂರಕ್ಕೆ ನೂರು ಸುಸ್ಥಿರ ಮಾಡುತ್ತೇವೆ ಎಂಬುದು ಮಿಶೆಲಿನ್‌ನ ಘೋಷಣೆ. ಮಾದರಿ ಟೈರಿಗೂ ಅಂಗಡಿಯಲ್ಲಿ ಸಿಗುವ ಟೈರಿಗೂ ನಡುವಿನ ದೂರ ದೊಡ್ಡದು. ಶೇಕಡಾವಾರು ಅಂಕಿಯನ್ನು ಓದುವಾಗ ಅದು ಯಾವುದರದೆಂದು ನೋಡಿಕೊಳ್ಳಬೇಕು.

◆ ಹೊಸ ಟೈರಿನ ಮೇಲೆ ಕೂದಲಿನಂಥ ರಬ್ಬರ್ ಎಳೆಗಳು ಎದ್ದಿರುತ್ತವಲ್ಲ, ಅವು ಹಿಡಿತಕ್ಕಾಗಿ ಇಟ್ಟದ್ದಲ್ಲ. ಟೈರನ್ನು ಅಚ್ಚಿನಲ್ಲಿ ಬೇಯಿಸುವಾಗ ಒಳಗಿನ ಗಾಳಿ ಹೊರಬರಲೆಂದು ಅಚ್ಚಿಗೆ ಸಣ್ಣ ತೂತುಗಳಿರುತ್ತವೆ. ಒತ್ತಡಕ್ಕೆ ರಬ್ಬರೂ ಅದರೊಳಗೆ ನುಗ್ಗಿ ಎಳೆಯಾಗಿ ನಿಲ್ಲುತ್ತದೆ.

◆ ಇನ್ನೊಂದನ್ನು ಈಗಲೇ ಹೋಗಿ ನೋಡಬಹುದು. ನಿಮ್ಮ ಕಾರಿನ ಟೈರಿನ ಟ್ರೆಡ್ ಕಟ್ಟೆಗಳೆಲ್ಲ ಒಂದೇ ಅಳತೆಯಲ್ಲಿ ಇರುವುದಿಲ್ಲ. ಒಂದು ತುಸು ಉದ್ದ, ಪಕ್ಕದ್ದು ತುಸು ಗಿಡ್ಡ. ಎಲ್ಲವೂ ಒಂದೇ ಅಳತೆಯಾದರೆ ಓಡುವಾಗ ಒಂದೇ ಶ್ರುತಿಯ ಕರ್ಕಶ ಶಬ್ದ ಏಳುತ್ತದೆ. ಅಳತೆ ಬದಲಿಸಿದಾಗ ಶಬ್ದ ಹಲವು ಶ್ರುತಿಗಳಿಗೆ ಹಂಚಿಹೋಗಿ ಕಿವಿಗೆ ತಡೆದುಕೊಳ್ಳುವಷ್ಟಾಗುತ್ತದೆ.

◆ ವಿದ್ಯುತ್ ಕಾರು ಸದ್ದಿಲ್ಲದ್ದು ಎನ್ನುವುದು ನಿಧಾನ ಹೋಗುವಾಗ ಮಾತ್ರ ನಿಜ. ವೇಗ ಹೆಚ್ಚಿದಂತೆ ಯಾವ ಕಾರಿನಲ್ಲೂ ಟೈರಿನ ಸದ್ದೇ ಮೇಲಾಗುತ್ತದೆ. ಎಂಜಿನ್ ಸದ್ದಿಲ್ಲದ ಕಾರಿನೊಳಗೆ ಅದು ಇನ್ನಷ್ಟು ಕೇಳುತ್ತದೆ. ಅದಕ್ಕೇ ಹಲವು ಕಂಪನಿಗಳು ಟೈರಿನ ಒಳಮೈಗೆ ಸ್ಪಂಜಿನ ಪಟ್ಟಿ ಅಂಟಿಸುತ್ತಿವೆ.

◆ ಬ್ಯಾಟರಿಯ ಭಾರ, ಕಾಲಿಟ್ಟೊಡನೆ ನುಗ್ಗುವ ಮೋಟಾರು, ಎರಡೂ ಟೈರಿಗೆ ಪೆಟ್ಟು. ವಿದ್ಯುತ್ ಕಾರಿನ ಟೈರ್ ಸುಮಾರು ಶೇ 20ರಷ್ಟು ಬೇಗ ಸವೆಯುತ್ತದೆ ಎಂಬುದು ಟೈರ್ ಕಂಪನಿಗಳದೇ ಅಂದಾಜು. ಹೆಚ್ಚು ಭಾರ ಹೊರುವ ಹೊಸ ಬಗೆಯ ಟೈರುಗಳ ಬದಿಯಲ್ಲಿ ಈಗ ‘ಎಚ್‌ಎಲ್’ ಎಂಬ ಗುರುತು ಕಾಣಿಸತೊಡಗಿದೆ. ಪೆಡಲನ್ನು ಮೆಲ್ಲಗೆ ಒತ್ತುವವರ ಟೈರ್ ಹೆಚ್ಚು ಬಾಳುತ್ತದೆ ಎನ್ನುವ ಹಳೆಯ ಡ್ರೈವರುಗಳ ಮಾತು ಇಲ್ಲಿ ಇನ್ನೂ ನಿಜ.

◆ ಸ್ಟೆಪ್ನಿ ಇಲ್ಲದ ಕಾರಿಗೆ ನಮ್ಮ ಕಾನೂನೇ ದಾರಿ ಮಾಡಿಕೊಟ್ಟಿದೆ. 2020ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಆದ ತಿದ್ದುಪಡಿಯಂತೆ, ಟ್ಯೂಬ್‌ಲೆಸ್ ಟೈರ್, ಗಾಳಿಯ ಒತ್ತಡ ತಿಳಿಸುವ ವ್ಯವಸ್ಥೆ ಮತ್ತು ಪಂಕ್ಚರ್ ಕಿಟ್ ಇದ್ದರೆ ಕಾರಿನಲ್ಲಿ ಹೆಚ್ಚುವರಿ ಚಕ್ರ ಕಡ್ಡಾಯವಲ್ಲ. ಉಳಿದ ಜಾಗ ಬ್ಯಾಟರಿಗೆ ಆಗುತ್ತದೆ ಎಂಬುದು ಕೊಟ್ಟ ಕಾರಣಗಳಲ್ಲೊಂದು.

◆ ಹಾಗಾದರೆ ಪಂಕ್ಚರೇ ಆಗದ ಟೈರ್? ಅದೂ ಬಂದಿದೆ, ಆದರೆ ನಿಮ್ಮ ಮನೆಗೆ ಬಂದಿಲ್ಲ. ಮಿಶೆಲಿನ್ ಮತ್ತು ಜನರಲ್ ಮೋಟರ್ಸ್ 2019ರಲ್ಲಿ ‘ಅಪ್ಟಿಸ್’ ಎಂಬ ಗಾಳಿಯಿಲ್ಲದ ಟೈರನ್ನು ತೋರಿಸಿದವು. ಗಾಳಿಯ ಜಾಗದಲ್ಲಿ ಗಾಜಿನ ನಾರು ಬೆರೆತ ರಾಳದ ಬಾಗುವ ಅಲಗುಗಳು ಭಾರ ಹೊರುತ್ತವೆ. 2024ರ ಹೊತ್ತಿಗೇ ಕಾರುಗಳಲ್ಲಿ ತರುವ ಗುರಿ ಇತ್ತು, ಅದು ಈಡೇರಲಿಲ್ಲ. ಸಿಂಗಪುರದಲ್ಲಿ ಡಿಎಚ್‌ಎಲ್ ಕೊರಿಯರ್ ವ್ಯಾನುಗಳಲ್ಲಿ, ಫ್ರಾನ್ಸಿನ ಅಂಚೆ ಇಲಾಖೆಯ ವ್ಯಾನುಗಳಲ್ಲಿ ಪ್ರಯೋಗ ನಡೆದಿದೆ. ವೇಗ ಹೆಚ್ಚಿದಾಗಿನ ಬಿಸಿ ಮತ್ತು ನಡುಕ, ಅಲಗುಗಳ ನಡುವೆ ಸಿಕ್ಕುವ ಕಲ್ಲು, ಕೆಸರು ಇನ್ನೂ ತಲೆನೋವು. ಊರೊಳಗೆ ನಿಧಾನವಾಗಿ ಓಡುವ ಡೆಲಿವರಿ ಗಾಡಿಗಳಿಗೆ ಇದು ಮೊದಲು ಒಗ್ಗಬಹುದು. ಪ್ರತಿ ವರ್ಷ ಸುಮಾರು 20 ಕೋಟಿ ಟೈರುಗಳು ಪಂಕ್ಚರ್, ಒಡೆತ, ತಪ್ಪು ಗಾಳಿಯಿಂದ ಅವಧಿಗೆ ಮೊದಲೇ ಗುಜರಿ ಸೇರುತ್ತವೆ ಎಂದು ಮಿಶೆಲಿನ್ ಅಂದಾಜಿಸಿದೆ. ಅಷ್ಟು ಉಳಿದರೆ ಸಣ್ಣ ಮಾತಲ್ಲ.

◆ ಚಂದ್ರನ ಮೇಲೆ ಗಾಳಿ ತುಂಬಿದ ಟೈರ್ ಉರುಳಿದೆ. ಅಪೊಲೊ 14ರ ಗಗನಯಾತ್ರಿಗಳು 1971ರ ಫೆಬ್ರುವರಿಯಲ್ಲಿ ಎಳೆದಾಡಿದ ಕೈಗಾಡಿಗೆ ನೈಟ್ರೊಜನ್ ತುಂಬಿದ ರಬ್ಬರ್ ಟೈರುಗಳಿದ್ದವು. ಅದೇ ವರ್ಷ ಜುಲೈನಲ್ಲಿ ಅಪೊಲೊ 15ರ ರೋವರ್ ಹೊರಟಾಗ ರಬ್ಬರನ್ನು ಬಿಟ್ಟರು. ಸತು ಲೇಪಿಸಿದ ಉಕ್ಕಿನ ತಂತಿಯ ಬಲೆ ಹೆಣೆದು, ಮೇಲೆ ಟೈಟಾನಿಯಂ ಪಟ್ಟಿಗಳನ್ನು ಕೂರಿಸಿದ ಚಕ್ರ ಅದು. ಈಗ ನಾಸಾ ನಿಕಲ್ ಮತ್ತು ಟೈಟಾನಿಯಂ ಮಿಶ್ರಲೋಹದ ಸ್ಪ್ರಿಂಗ್‌ಗಳಿಂದ ಟೈರ್ ಹೆಣೆದಿದೆ. ಎಷ್ಟು ಅಮುಕಿದರೂ ಮೊದಲಿನ ಆಕಾರಕ್ಕೇ ಮರಳುವ ಲೋಹ ಅದು. ಅದೇ ತಂತ್ರದ ಸೈಕಲ್ ಟೈರನ್ನೂ ಅಮೆರಿಕದ ಒಂದು ಕಂಪನಿ ಮಾಡಿದೆ.

◆ ಜಿನೀವಾದ ಕಾರು ಮೇಳದಲ್ಲಿ 2018ರಲ್ಲಿ ಟೈರಿನ ಬದಿಯಲ್ಲಿ ಹಾವಸೆ ಬೆಳೆಸಿ ತೋರಿಸಿದ್ದರು, ಅದಕ್ಕೂ ಮೊದಲು ಚೆಂಡಿನಂಥ ಟೈರನ್ನು ಇಟ್ಟಿದ್ದರು. ಇವು ಮೇಳದ ಆಕರ್ಷಣೆಗಳು. ನಿಜವಾದ ಕೆಲಸ ರಬ್ಬರಿನ ಮಿಶ್ರಣದಲ್ಲಿ ನಡೆಯುತ್ತಿದೆ.

◆ ಟೈರ್ ಸವೆದು ಬೋಳಾಯಿತು ಎನ್ನುತ್ತೇವೆ. ಸವೆದ ರಬ್ಬರ್ ಎಲ್ಲಿ ಹೋಯಿತು? ರಸ್ತೆಗೆ, ಚರಂಡಿಗೆ, ಕೆರೆಗೆ, ಗಾಳಿಗೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 60 ಲಕ್ಷ ಟನ್ ಟೈರ್ ದೂಳು ಉದುರುತ್ತದೆ ಎಂದು 2017ರ ಒಂದು ಅಧ್ಯಯನ ಲೆಕ್ಕ ಹಾಕಿತು. ಪರಿಸರ ಸೇರುವ ಮೈಕ್ರೊಪ್ಲಾಸ್ಟಿಕ್‌ನಲ್ಲಿ ಇದರದು ದೊಡ್ಡ ಪಾಲು.

◆ ಆ ದೂಳು ಮೀನುಗಳನ್ನು ಕೊಂದ ಕತೆಯನ್ನು ಎಲ್ಲರೂ ತಿಳಿದಿರಬೇಕು. ಅಮೆರಿಕದ ಸಿಯಾಟಲ್ ಸುತ್ತಮುತ್ತಲ ಹೊಳೆಗಳಿಗೆ ಮೊಟ್ಟೆಯಿಡಲು ಸಮುದ್ರದಿಂದ ಬರುವ ಕೊಹೊ ಸಾಲ್ಮನ್ ಮೀನುಗಳು, ಮಳೆ ಬಿದ್ದ ಬೆನ್ನಿಗೇ ದಿಕ್ಕುತಪ್ಪಿ ಸುತ್ತುತ್ತ, ಬಾಯಿ ತೆರೆದು ಒದ್ದಾಡಿ, ಮೊಟ್ಟೆ ಇಡುವ ಮೊದಲೇ ಸಾಯುತ್ತಿದ್ದವು. ಕೀಟನಾಶಕವೇ, ಲೋಹವೇ, ರೋಗವೇ ಎಂದು ವರ್ಷಗಟ್ಟಲೆ ಹುಡುಕಿದರು. ಕೊನೆಗೆ ಟೈರಿನ ಪುಡಿ ನೆನೆಸಿದ ನೀರಿಗೆ ಮೀನು ಬಿಟ್ಟಾಗ ಅದೇ ಲಕ್ಷಣ ಕಂಡಿತು. ಆ ನೀರಿನಲ್ಲಿದ್ದ ಸಾವಿರಾರು ರಾಸಾಯನಿಕಗಳನ್ನು ಒಂದೊಂದಾಗಿ ಬೇರ್ಪಡಿಸುತ್ತ ಹೋಗಿ, 2020ರ ಡಿಸೆಂಬರ್‌ನಲ್ಲಿ ವಿಜ್ಞಾನಿಗಳು ಅಪರಾಧಿಯ ಹೆಸರು ಹೇಳಿದರು: 6ಪಿಪಿಡಿ–ಕ್ವಿನೋನ್. ಟೈರ್ ಬಿರುಕು ಬಿಡದಿರಲೆಂದು ಬೆರೆಸುವ 6ಪಿಪಿಡಿ ಎಂಬ ರಾಸಾಯನಿಕ ಗಾಳಿಯ ಓಜೋನ್ ಜೊತೆ ಸೇರಿದಾಗ ಹುಟ್ಟುವ ವಿಷ ಇದು. ಲೀಟರ್ ನೀರಿನಲ್ಲಿ ಒಂದು ಮೈಕ್ರೊಗ್ರಾಂನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಇದ್ದರೂ ಅರ್ಧದಷ್ಟು ಕೊಹೊ ಮೀನುಗಳು ಸಾಯುತ್ತವೆ. ಅದೇ ಕುಲದ ಚಮ್ ಸಾಲ್ಮನ್‌ಗೆ ಏನೂ ಆಗುವುದಿಲ್ಲ. ಜಗತ್ತಿನ ಹೆಚ್ಚುಕಡಿಮೆ ಎಲ್ಲ ಟೈರುಗಳಲ್ಲೂ 6ಪಿಪಿಡಿ ಇದೆ. ಇದಕ್ಕೆ ಸುರಕ್ಷಿತ ಬದಲಿ ಹುಡುಕುವಂತೆ ಕ್ಯಾಲಿಫೋರ್ನಿಯಾ 2023ರಲ್ಲಿ ಟೈರ್ ಕಂಪನಿಗಳ ಮೇಲೆ ಕಡ್ಡಾಯ ಹೇರಿತು. ಸಮಾಧಾನದ ಸಂಗತಿಯೂ ಒಂದಿದೆ: ರಸ್ತೆಯ ಮಳೆನೀರನ್ನು ಮಣ್ಣು, ಮರಳು, ಗೊಬ್ಬರದ ಪದರದಲ್ಲಿ ಸೋಸಿ ಹೊಳೆಗೆ ಬಿಟ್ಟಾಗ ಮೀನುಗಳು ಬದುಕಿದವು. ರಸ್ತೆ ನೀರನ್ನು ನೇರ ರಾಜಕಾಲುವೆಗೆ, ಅಲ್ಲಿಂದ ಕೆರೆಗೆ ಬಿಡುವ ಬೆಂಗಳೂರಿಗೆ ಇದರಲ್ಲಿ ಪಾಠವಿದೆ.

◆ ವಾಹನದ ಹೊಗೆಗೆ ಮಿತಿ ಹಾಕಿ ದಶಕಗಳಾದವು. ಟೈರಿನ ಸವೆತಕ್ಕೂ ಬ್ರೇಕಿನ ಕಣಗಳಿಗೂ ಮಿತಿ ಹಾಕಿದ ಮೊದಲ ದೊಡ್ಡ ಕಾನೂನು ಯುರೋಪಿನ ಯೂರೊ 7. ಅಂಗೀಕಾರವಾದದ್ದು 2024ರಲ್ಲಿ. ಕಾರಿನ ಹೊಸ ಟೈರುಗಳಿಗೆ ಸವೆತದ ಮಿತಿ 2028ರಿಂದ ಅನ್ವಯವಾಗಲಿದೆ. ವಿದ್ಯುತ್ ಕಾರಿಗೂ ವಿನಾಯಿತಿ ಇಲ್ಲ.

◆ ದೂಳನ್ನು ಹುಟ್ಟಿದಲ್ಲೇ ಹಿಡಿದರೆ ಹೇಗೆ? ಲಂಡನ್ನಿನ ವಿದ್ಯಾರ್ಥಿಗಳ ತಂಡವೊಂದು ಚಕ್ರದ ಹಿಂದೆ ವಿದ್ಯುದಾವೇಶದ ಫಲಕಗಳನ್ನಿಟ್ಟು ಗಾಳಿಗೆ ಹಾರುವ ಕಣಗಳನ್ನು ಎಳೆದುಕೊಳ್ಳುವ ಸಾಧನ ಮಾಡಿತು. ಅದಕ್ಕೆ 2020ರಲ್ಲಿ ಜೇಮ್ಸ್ ಡೈಸನ್ ಪ್ರಶಸ್ತಿಯ ಬ್ರಿಟನ್ ವಿಭಾಗದ ಬಹುಮಾನ ಬಂತು. ಸಂಗ್ರಹಿಸಿದ ಪುಡಿಯನ್ನು ಮತ್ತೆ ಬಳಸಬಹುದು ಎಂಬುದು ಅವರ ಯೋಚನೆ.

◆ ಹಳೆಯ ಟೈರನ್ನು ಕರಗಿಸಿ ಹೊಸ ಟೈರ್ ಮಾಡಲು ಆಗುವುದಿಲ್ಲ. ಬೆಂದ ಇಡ್ಲಿಯನ್ನು ಮತ್ತೆ ಹಿಟ್ಟು ಮಾಡಲಾಗದ ಹಾಗೆ, ಗಂಧಕದಿಂದ ಒಮ್ಮೆ ಬೆಸೆದ ರಬ್ಬರ್ ಸರಪಳಿಗಳು ಬಿಸಿಗೆ ಬಿಡಿಸಿಕೊಳ್ಳುವುದಿಲ್ಲ. ಟೈರ್ ತ್ಯಾಜ್ಯದ ಸಮಸ್ಯೆಗೆಲ್ಲ ಮೂಲ ಇದೇ. ಪುಡಿ ಮಾಡಿ ಡಾಂಬರಿಗೆ ಬೆರೆಸುವುದು ಒಂದು ದಾರಿ. ನಮ್ಮ ಹಲವು ಹೆದ್ದಾರಿಗಳಲ್ಲಿ ಇಂಥ ಡಾಂಬರು ಇದೆ. ಗಾಳಿಯಾಡದಂತೆ ಕಾಯಿಸಿ ಎಣ್ಣೆ, ಅನಿಲ, ಮಸಿ, ಉಕ್ಕಿನ ತಂತಿ ಬೇರ್ಪಡಿಸುವ ಪೈರಾಲಿಸಿಸ್ ಇನ್ನೊಂದು. ಅಚ್ಚುಕಟ್ಟಾಗಿ ಮಾಡಿದರೆ ಆ ಮಸಿ ಮತ್ತೆ ಟೈರಿಗೇ ಬರುತ್ತದೆ. ಕಾಟಾಚಾರಕ್ಕೆ ಮಾಡಿದರೆ ಸುತ್ತಲ ಹಳ್ಳಿಗಳಿಗೆ ದುರ್ನಾತ ಮತ್ತು ಮಸಿ ಮಾತ್ರ.

◆ ಅಮೆರಿಕದ ಫ್ಲಾರಿಡಾ ಕರಾವಳಿಯಲ್ಲಿ 1970ರ ದಶಕದಲ್ಲಿ ಸುಮಾರು 20 ಲಕ್ಷ ಹಳೆಯ ಟೈರುಗಳನ್ನು ಸಮುದ್ರಕ್ಕಿಳಿಸಿದರು. ಅದರ ಮೇಲೆ ಹವಳ ಬೆಳೆದು ಮೀನಿಗೆ ಮನೆಯಾಗುತ್ತದೆ ಎಂಬ ಆಸೆ. ಉದ್ಘಾಟನೆಗೆ ಚಿನ್ನದ ಬಣ್ಣ ಬಳಿದ ಟೈರನ್ನು ಆಕಾಶನೌಕೆಯಿಂದ ಬೀಳಿಸಿದರು. ಹವಳ ಬೆಳೆಯಲಿಲ್ಲ. ಕಟ್ಟಿದ್ದ ಪಟ್ಟಿಗಳು ತುಂಡಾಗಿ, ಬಿರುಗಾಳಿಗೆ ಟೈರುಗಳು ಉರುಳಿ ಪಕ್ಕದ ನಿಜವಾದ ಹವಳವನ್ನೇ ಉಜ್ಜಿ ಹಾಳುಮಾಡಿದವು. ಮುಳುಗುಗಾರರು ವರ್ಷಗಳಿಂದ ಅವನ್ನು ಮೇಲೆತ್ತುತ್ತಿದ್ದಾರೆ.

◆ ಏಷ್ಯಾದ ಹುಲಿಸೊಳ್ಳೆ ಅಮೆರಿಕದಲ್ಲಿ ನೆಲೆಯೂರಿದ್ದೂ ಟೈರಿನಿಂದ. 1985ರಲ್ಲಿ ಹ್ಯೂಸ್ಟನ್‌ನಲ್ಲಿ ಅದು ಪತ್ತೆಯಾಯಿತು. ಏಷ್ಯಾದಿಂದ ಹೋದ ಹಳೆಯ ಟೈರುಗಳಲ್ಲಿ ಅದರ ಮೊಟ್ಟೆಗಳು ಪ್ರಯಾಣ ಮಾಡಿದ್ದವು. ಮನೆ ಹಿಂದೆ, ಚಾವಣಿ ಮೇಲೆ ಬಿದ್ದಿರುವ ಟೈರಿನಲ್ಲಿ ನಿಂತ ಮಳೆನೀರು ಡೆಂಗಿ ಸೊಳ್ಳೆಗೆ ಹೇಳಿ ಮಾಡಿಸಿದ ಜಾಗ. ಇಟ್ಟುಕೊಳ್ಳಲೇಬೇಕಿದ್ದರೆ ಕೆಳಗೆ ತೂತು ಕೊರೆಯಿರಿ.

◆ ಭಾರತದಲ್ಲಿ ಹಳೆಯ ಟೈರಿನ ಹೊಣೆ ಈಗ ಅದನ್ನು ತಯಾರಿಸಿದವರದು, ಆಮದು ಮಾಡಿದವರದು. 2022ರ ಜುಲೈನಲ್ಲಿ ಬಂದ ನಿಯಮವಿದು. ಮೊದಲ ವರ್ಷ ಶೇ 35, ಮರುವರ್ಷ ಶೇ 70, 2024–25ರಿಂದ ಶೇ 100 ಮರುಬಳಕೆಯ ಗುರಿ. ನಿಯಮ ಒಳ್ಳೆಯದು. ಕಾಗದದ ಮೇಲೆ ಪ್ರಮಾಣಪತ್ರ, ನೆಲದ ಮೇಲೆ ಟೈರ್ ರಾಶಿ ಎಂಬಂತಾಗದಿದ್ದರೆ ಮಾತ್ರ ಫಲ. ಪ್ರತಿಭಟನೆಗೆಂದು ವೃತ್ತದಲ್ಲಿ ಟೈರ್ ಸುಡುವುದನ್ನೂ ನಾವು ಬಿಡಬೇಕು. ಆ ಕರಿಹೊಗೆಯಲ್ಲಿ ಕ್ಯಾನ್ಸರ್‌ಕಾರಕ ರಾಸಾಯನಿಕಗಳಿವೆ, ಮೊದಲು ಉಸಿರಾಡುವವರು ಪ್ರತಿಭಟನಕಾರರೇ.

◆ ನೀವು ಕೂತು ಬಂದ ವಿಮಾನ ಇಳಿದದ್ದು ಬಹುಶಃ ರೀಟ್ರೇಡ್ ಮಾಡಿದ ಟೈರಿನ ಮೇಲೆ. ವಿಮಾನದ ಟೈರಿನ ಒಡಲು ಗಟ್ಟಿಯಾಗಿದ್ದರೆ ಮೇಲಿನ ಟ್ರೆಡ್ ಮಾತ್ರ ಬದಲಿಸಿ ಹಲವು ಬಾರಿ ಬಳಸುತ್ತಾರೆ. ನಮ್ಮ ಸಾರಿಗೆ ಬಸ್ಸುಗಳಲ್ಲೂ, ಲಾರಿಗಳಲ್ಲೂ ಹಿಂದಿನ ಚಕ್ರಗಳಿಗೆ ರೀಟ್ರೇಡ್ ಮಾಮೂಲು. ಲಾರಿಯ ಹೊಸ ಟೈರಿಗೆ ಬೇಕಾಗುವ ಪೆಟ್ರೋಲಿಯಂನ ಮೂರನೇ ಒಂದು ಭಾಗದಷ್ಟರಲ್ಲೇ ರೀಟ್ರೇಡ್ ಮುಗಿಯುತ್ತದೆ ಎಂಬುದು ಅಮೆರಿಕದ ಉದ್ಯಮದ ಲೆಕ್ಕ. ಸುಸ್ಥಿರತೆಯ ಮಾತು ಶುರುವಾಗುವ ಎಷ್ಟೋ ಮೊದಲಿನಿಂದ ಹೆದ್ದಾರಿ ಬದಿಯ ರೀಟ್ರೇಡಿಂಗ್ ಅಂಗಡಿಯವರು ಇದನ್ನು ಮಾಡುತ್ತ ಬಂದಿದ್ದಾರೆ. ಅವರಿಗೆ ಒಳ್ಳೆಯ ಯಂತ್ರ, ತರಬೇತಿ, ಸಾಲ ಸಿಗುವಂತೆ ಮಾಡುವುದು ಶೇ 90ರ ಮಾದರಿ ಟೈರಿಗಿಂತ ಬೇಗ ಫಲ ಕೊಡುವ ಕೆಲಸ.

◆ ಫ್ರಿಜ್ಜಿಗೆ ಇರುವ ಹಾಗೆ ಟೈರಿಗೂ ಸ್ಟಾರ್ ಇದೆ. ಕೇಂದ್ರದ ಇಂಧನ ದಕ್ಷತಾ ಸಂಸ್ಥೆ ಉರುಳು ತಡೆಯನ್ನು ಅಳೆದು ನಕ್ಷತ್ರದ ಗುರುತು ಕೊಡುವ ಯೋಜನೆ ತಂದಿದೆ. ಉರುಳು ತಡೆ, ಒದ್ದೆ ರಸ್ತೆಯ ಹಿಡಿತ, ಶಬ್ದ ಈ ಮೂರಕ್ಕೂ ಮಿತಿ ಹಾಕುವ ಕಡ್ಡಾಯ ಮಾನದಂಡವೂ 2022ರಲ್ಲಿ ಅಧಿಸೂಚನೆಯಾಗಿದೆ. ಅಂಗಡಿಗೆ ಹೋದಾಗ ಬೆಲೆಯ ಜೊತೆ ಇದನ್ನೂ ಕೇಳಿ.

◆ ಟೈರಿನ ಬದಿಯಲ್ಲಿ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿಗಳಿರುತ್ತವೆ. 2324 ಎಂದಿದ್ದರೆ ಅದು 2024ರ 23ನೇ ವಾರದಲ್ಲಿ ತಯಾರಾದದ್ದು. ಟ್ರೆಡ್ ಸಾಲುಗಳ ಆಳದಲ್ಲಿ ಅಲ್ಲಲ್ಲಿ ಸಣ್ಣ ಉಬ್ಬುಗಳಿರುತ್ತವೆ. ಕಾರಿನ ಟ್ರೆಡ್ ಸವೆದು ಆ ಉಬ್ಬಿನ ಮಟ್ಟಕ್ಕೆ ಬಂದರೆ ಉಳಿದದ್ದು 1.6 ಮಿಲಿಮೀಟರ್ ಮಾತ್ರ, ಟೈರ್ ಬದಲಿಸಲೇಬೇಕು.

◆ ಕೊನೆಯದು, ದುಡ್ಡು ಖರ್ಚಿಲ್ಲದ್ದು. ಗಾಳಿ ಕಡಿಮೆ ಇರುವ ಟೈರ್ ಹೆಚ್ಚು ಬಿಸಿಯಾಗುತ್ತದೆ, ಅಂಚಿನಲ್ಲಿ ಸವೆಯುತ್ತದೆ, ಹೆಚ್ಚು ದೂಳು ಉದುರಿಸುತ್ತದೆ. ನಾಲ್ಕೂ ಟೈರಿನಲ್ಲಿ ಒಂದೊಂದು ಪಿಎಸ್‌ಐ ಇಳಿದರೆ ಮೈಲೇಜ್ ಶೇ 0.2ರಷ್ಟು ಇಳಿಯುತ್ತದೆ ಎಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ಹತ್ತು ಪಿಎಸ್‌ಐ ಇಳಿದದ್ದೇ ಗೊತ್ತಾಗದೆ ಓಡಿಸುವವರು ನಮ್ಮಲ್ಲಿ ಬಹಳ. ಎಷ್ಟು ಗಾಳಿ ಬೇಕೆಂಬುದು ಡ್ರೈವರ್ ಬಾಗಿಲಿನ ಚೌಕಟ್ಟಿನ ಮೇಲಿನ ಸ್ಟಿಕರಿನಲ್ಲಿದೆ. ಟೈರಿನ ಬದಿಯಲ್ಲಿ ಬರೆದಿರುವುದು ಗರಿಷ್ಠ ಮಿತಿ, ಅದನ್ನು ನೋಡಿ ತುಂಬಿಸಬೇಡಿ. ತಿಂಗಳಿಗೊಮ್ಮೆ, ಬೆಳಗ್ಗೆ ಟೈರ್ ತಣ್ಣಗಿರುವಾಗಲೇ, ನಾಲ್ಕು ಚಕ್ರದ ಜೊತೆ ಸ್ಟೆಪ್ನಿಯ ಗಾಳಿಯನ್ನೂ ನೋಡಿಸಿ.